ಮಳೆಗಾಲದಲ್ಲಿ ಬೆವರುವ ಮರಿಗೆ

ಆಚಾರಿಯ ಹೆಂಡತಿ ನನ್ನ ಹೊಟ್ಟೆಯೊಳಗಿನ ಸಿಬಿರುಗಳನ್ನು ಒಂದೊಂದಾಗಿ ಹೆಕ್ಕಿ ತೆಗೆಯುತ್ತಿದ್ದಳು. ಆಚಾರಿ ಪಕ್ಕದಲ್ಲಿ ಕೂತು ಉಳಿ ಮಸೆಯುತ್ತಿದ್ದ. ಒಳಗೆಲ್ಲ ಕೈಯಾಡಿಸಿದಾಗ ಬೆರಳಿಗೆ ಏನೂ ಚುಚ್ಚಲಿಲ್ಲ ಎಂದಾದ ಮೇಲೆ ಅವಳು ನನ್ನನ್ನು ಬಟ್ಟೆಯಿಂದ ಒರೆಸಿ ಬಾಗಿಲ ಹೊರಗಿಟ್ಟಳು. ನಾನು ಹುಟ್ಟಿದ್ದು ಹೀಗೆ.

ನಾನು ಒಂದು ಉಪ್ಪಿನ ಮರಿಗೆ. ಹಲಸಿನ ಒಂದೇ ದಿಮ್ಮಿಯನ್ನು ಕೊರೆದು ಮಾಡಿದ್ದು. ನನ್ನಲ್ಲಿ ಒಂದು ಮೊಳೆಯೂ ಇಲ್ಲ. ನಾಲ್ಕು ಗಿಡ್ಡ ಕಾಲು, ಮೇಲೊಂದು ಮುಚ್ಚಳ, ಅಡಿಯಲ್ಲಿ ಕಿರುಬೆರಳು ತೂರುವಷ್ಟು ತೂತು. ಕುಮಟೆಯ ಹತ್ತಿರ, ಉಪ್ಪಿನ ಗದ್ದೆಗಳ ಪಕ್ಕದ ಒಂದು ಮನೆಯವರು ನನ್ನನ್ನು ತಲೆಯ ಮೇಲೆ ಹೊತ್ತು ಒಯ್ದರು.

ಅಡುಗೆಮನೆಯ ಮೂಲೆಯಲ್ಲಿ ನನ್ನನ್ನಿಟ್ಟು ಅಂಚಿನವರೆಗೆ ಹರಳುಪ್ಪು ತುಂಬಿದರು. ನಾನು ಬರಿದಾಗುವುದಕ್ಕೆ ಆ ಮನೆಯಲ್ಲಿ ಬಿಡುತ್ತಿರಲಿಲ್ಲ. ಉಪ್ಪು ತಳ ಕಂಡರೆ ‘ಮುಗಿಯಿತು’ ಎನ್ನುವ ಹಾಗಿಲ್ಲ, ‘ಹೆಚ್ಚಾಗಿದೆ’ ಎನ್ನಬೇಕು. ಹಾಗೆಂದ ದಿನವೇ ಹೊಸ ಉಪ್ಪು ಬರುತ್ತಿತ್ತು. ವರ್ಷಗಟ್ಟಲೆ ನನ್ನ ಮರ ಉಪ್ಪು ಕುಡಿಯಿತು. ಮಳೆಗಾಲ ಬಂದರೆ ಕುಡಿದದ್ದು ನೀರಾಗಿ ತೂತಿನಿಂದ ತೊಟ್ಟಿಕ್ಕುತ್ತಿತ್ತು. ಅಡಿಯಲ್ಲಿ ತೆಂಗಿನ ಕರಟ ಇಟ್ಟಿರುತ್ತಿದ್ದರು. ಆ ಮನೆಯ ಸೊಸೆ ನಾಗವೇಣಿ ಬೆಳಿಗ್ಗೆ ಎದ್ದ ಕೂಡಲೇ ಅದನ್ನು ತೆಂಗಿನ ಬುಡಕ್ಕೆ ಚೆಲ್ಲಿ ಬರುತ್ತಿದ್ದಳು. ಅದು ಅವಳ ದಿನದ ಮೊದಲ ಕೆಲಸ.

ನಾಗವೇಣಿಯ ಕೂದಲು ಬೆಳ್ಳಗಾಗುವ ಹೊತ್ತಿಗೆ ಪುಡಿ ಉಪ್ಪಿನ ಪೊಟ್ಟಣ ಬಂತು. ಅಡುಗೆಮನೆಗೆ ಗ್ರಾನೈಟ್ ಕಟ್ಟೆ ಬಂತು. ನಾನು ಮೊದಲ ಸಲ ಖಾಲಿಯಾದೆ. ನನ್ನನ್ನು ಜಗಲಿಗೆ ಎತ್ತಿಟ್ಟರು.

ಹಳೆಯ ಸಾಮಾನು ಕೊಳ್ಳುವ ದಸ್ತಗೀರ ಹುಬ್ಬಳ್ಳಿಯಿಂದ ಟೆಂಪೊ ತಂದ. ನನ್ನನ್ನು ಬೋರಲು ಹಾಕಿ ಗೆಣ್ಣಿನಿಂದ ತಟ್ಟಿ ನೋಡಿದ.

“ಒಂದೇ ಕಟಗಿ ಐತಿ. ಭಾರಿ ಮಾಲು,” ಎಂದ.

ನಾಗವೇಣಿ ಹೇಳಿದಳು: “ಅಡಿಗೊಂದು ಕರಟ ಇಡ್ಬೇಕು ಹಾಂ. ಮಳೆಗಾಲದಲ್ಲಿ ಇದು ಬೆವರ್ತದೆ.”

“ಅಯ್ಯ ಅಕ್ಕಾರ, ಇದರಾಗ ಈಗ ಉಪ್ಪ ಯಾರ ಹಾಕತಾರ್ರೀ? ಸುಮ್ನ ಶೋಕ್ ಇಡತಾರ.”

“ಉಪ್ಪು ಹಾಕದಿದ್ರೂ ಬೆವರ್ತದೆ ಮಾರಾಯ.”

ದಸ್ತಗೀರ ನಕ್ಕ. ಅವನು ಆಗಲೇ ನನ್ನ ಕಾಲಿಗೆ ಹಗ್ಗ ಕಟ್ಟುತ್ತಿದ್ದ.

ಅವನ ಅಂಗಡಿಯಲ್ಲಿ ನನ್ನನ್ನು ಸೋಪಿನ ನೀರಿನಲ್ಲಿ ತಿಕ್ಕಿ ತೊಳೆದರು. ಬೇಸಿಗೆಯ ಬಿಸಿಲಿಗೆ ಒಂದು ವಾರ ಇಟ್ಟರು. ತೂತಿಗೆ ಮೇಣ ತುಂಬಿ ಮೈಗೆಲ್ಲ ಕಂದು ಪಾಲಿಶ್ ಬಳಿದರು. ನನ್ನ ಸುತ್ತ ಮನೆಯಿಲ್ಲದ ಬಾಗಿಲುಗಳು, ಹಾಡು ಮರೆತ ಗ್ರಾಮಫೋನುಗಳು, ಒಂದು ಕ್ಷೌರದ ಕುರ್ಚಿ ಇದ್ದವು. ಗಿರಾಕಿ ಬಂದರೆ ದಸ್ತಗೀರ ನನ್ನನ್ನು ತೋರಿಸಿ “ನೂರು ವರ್ಷದ್ದು” ಎನ್ನುತ್ತಿದ್ದ. ನನಗೆ ಅರವತ್ತೂ ಆಗಿರಲಿಲ್ಲ.

ನನ್ನನ್ನು ಕೊಂಡವಳು ಧಾರವಾಡದ ಸುವರ್ಣಾ. ಅವಳು ಮೂರು ಸಲ ಬಂದಳು. ಮೊದಲ ಸಲ ನೋಡಿದಳು, ಎರಡನೆಯ ಸಲ ಅಳತೆಪಟ್ಟಿ ತಂದಳು, ಮೂರನೆಯ ಸಲ ಒಯ್ದಳು. ಹಳೆಯದನ್ನು ಆರಿಸುವುದು ಅವಳಿಗೆ ತಿಳಿದಿತ್ತು. ಮರದ ಬಣ್ಣ ಗೋಡೆಗೆ ಹೊಂದಬೇಕು, ಬಿಸಿಲು ನೇರ ಬೀಳಬಾರದು, ವಾರಕ್ಕೊಮ್ಮೆ ಒಣಬಟ್ಟೆಯಲ್ಲಿ ಎರಡೇ ಹನಿ ಎಣ್ಣೆ. ನಡುಮನೆಯಿಂದ ಬಚ್ಚಲಿಗೆ ಹೋಗುವ ಓಣಿಯಲ್ಲಿ, ಅವಳ ಮಾವನ ಕೋಣೆಯ ಬಾಗಿಲ ಪಕ್ಕದಲ್ಲಿ ನನ್ನನ್ನಿಟ್ಟಳು. ಮುಚ್ಚಳದ ಬದಲು ಗಾಜು ಹಾಸಿದಳು. ಗಾಜಿನ ಮೇಲೆ ಹಿತ್ತಾಳೆಯ ಬಟ್ಟಲಿಟ್ಟು ಹೂ ತೇಲಿಬಿಟ್ಟಳು. ಅವಳ ಕೈ ಮೆತ್ತಗಿತ್ತು.

ಮಾವ ಗುರುಶಾಂತಪ್ಪ. ಮೂವತ್ತೆರಡು ವರ್ಷ ಹೈಸ್ಕೂಲಿನಲ್ಲಿ ಪಿ.ಟಿ. ಮಾಸ್ತರರಾಗಿದ್ದವರು. ಈಗಲೂ ಬೆಳಿಗ್ಗೆ ನನ್ನ ಪಕ್ಕದಲ್ಲಿ ನಿಂತು ಕಾಲ್ಬೆರಳು ಮುಟ್ಟುತ್ತಿದ್ದರು. ನನ್ನನ್ನು ಕಂಡ ದಿನ ಅವರು ಕೇಳಿದರು:

“ನಮ್ಮ ಎಮ್ಮಿ ಮುಸುರಿ ಕುಡಿಯೂದು ಇಂಥಾದ್ರಾಗ. ಬಾನಿ ಬಂತು, ಎಮ್ಮಿ ಎಂದ ಬರತೈತಿ ಸುವರ್ಣಾ?”

“ಎಮ್ಮಿ ಬಂದರ ನಿಮ್ಮ ಖೋಲಿಯಾಗ ಕಟ್ಟತೇನ್ರಿ ಮಾವಾರ.”

ಇಬ್ಬರೂ ನಕ್ಕರು. ಆ ಮನೆಯಲ್ಲಿ ನಾನು ಕೇಳಿದ ದೊಡ್ಡ ನಗು ಅದು.

ಜೂನ್ ಕೊನೆಗೆ ಧಾರವಾಡದ ಜಿಟಿಜಿಟಿ ಮಳೆ ಹಿಡಿಯಿತು. ಗೋಡೆಗಳು ತಣ್ಣಗಾದವು. ನನ್ನೊಳಗಿನ ಉಪ್ಪು ಗಾಳಿಯ ನೀರನ್ನು ಎಳೆದುಕೊಂಡಿತು. ಮೇಣ ಸಡಿಲವಾಯಿತು. ಇರುಳೆಲ್ಲ ಒಂದೊಂದೇ ಹನಿ ಬಿದ್ದು ಬೆಳಗಾಗುವಾಗ ಅಂಗೈಯಗಲದ ನೀರು ಟೈಲ್ಸಿನ ಇಳಿಜಾರಿನಲ್ಲಿ ಮಾಸ್ತರರ ಹೊಸ್ತಿಲಿಗೆ ಸರಿದು ನಿಂತಿತು.

ಮೊದಲ ದಿನ ಮಾಸ್ತರರ ಮಗ ಮಹಾಂತೇಶ ಮೇಲೆ ನೋಡಿದ. “ಛಾವಣಿ ಸೋರೇತೇನ?” ಎಂದ. ಛಾವಣಿ ಒಣಗಿತ್ತು. ನಲ್ಲಿ ರಿಪೇರಿಯವನು ಬಂದು ಬಚ್ಚಲಿನ ಪೈಪುಗಳನ್ನೆಲ್ಲ ತಟ್ಟಿ ನೋಡಿ ತಲೆಯಾಡಿಸಿ ಹೋದ. ಆಮೇಲೆ ಯಾರೂ ಮೇಲೆ ನೋಡಲಿಲ್ಲ. ನೀರಿಗೆ ಒಂದು ಬಗೆಯ ವಾಸನೆ ಇತ್ತು. ಒಣಗಿದರೆ ಬಿಳಿ ಕಲೆ ಉಳಿಯುತ್ತಿತ್ತು. ಮಾಸ್ತರರಿಗೆ ಎಪ್ಪತ್ತೆಂಟು ವರ್ಷ. ಇರುಳು ಒಂದು ಸಲ ಅವರು ಎದ್ದು ನನ್ನ ಪಕ್ಕದಿಂದಲೇ ಬಚ್ಚಲಿಗೆ ಹೋಗಿಬರುತ್ತಿದ್ದರು.

ಸುವರ್ಣಾ ಫಿನಾಯಿಲ್ ಹಾಕಿ ಒರೆಸಿದಳು. ಒಂದು ದಿನ ಮಾಸ್ತರರು ವಾಕಿಂಗಿಗೆ ಹೋದಾಗ ಅವರ ಹಾಸಿಗೆಯ ಮೇಲೆ ರಬ್ಬರ್ ಶೀಟ್ ಹಾಸಿ, ಅದರ ಮೇಲೆ ಚಾದರ ಹಾಸಿದಳು. ಅವರು ಬಂದು ಕೂತಾಗ ಅದು ಚರಚರ ಅಂದಿತು. ಚಾದರದ ತುದಿ ಎತ್ತಿ ನೋಡಿದರು. ತಿರುಗಿ ಮುಚ್ಚಿದರು.

ಆಮೇಲೆ ಅವರು ಸಂಜೆ ನೀರು ಕುಡಿಯುವುದನ್ನು ಬಿಟ್ಟರು. ಕೆಲವು ದಿನ ಕಳೆದು ಮಜ್ಜಿಗೆಯನ್ನೂ ಬಿಟ್ಟರು. ಬೆಳಿಗ್ಗೆ ಎಲ್ಲರಿಗಿಂತ ಮೊದಲು ಎದ್ದು ಬಾಗಿಲು ತೆರೆಯುತ್ತಿದ್ದರು. ನೆಲ ನೋಡುತ್ತಿದ್ದರು. ಉಟ್ಟ ಧೋತರವನ್ನು ಮುಟ್ಟಿ ನೋಡುತ್ತಿದ್ದರು. ಅದು ಒಣಗಿರುತ್ತಿತ್ತು. ಮತ್ತೆ ನೆಲ ನೋಡುತ್ತಿದ್ದರು. ನನ್ನ ಕಡೆ ಅವರು ನೋಡಲಿಲ್ಲ. ನಾನು ಚಂದಕ್ಕೆ ಇಟ್ಟ ಸಾಮಾನು.

ಒಂದು ಬೆಳಿಗ್ಗೆ ಅವರು ಮೊಣಕಾಲೂರಿ ಹೆಗಲ ಮೇಲಿನ ಟವೆಲಿನಿಂದ ಆ ನೀರನ್ನು ಒರೆಸುತ್ತಿದ್ದರು. ಬೇರೆಯವರು ಏಳುವುದರೊಳಗೆ ಒರೆಸಿಬಿಡಬೇಕೆಂದು ಅವಸರ ಮಾಡುತ್ತಿದ್ದರು. ಸುವರ್ಣಾ ಹಾಲಿನ ಪಾತ್ರೆ ಹಿಡಿದು ಬಂದಳು. ನಿಂತಳು. ಅವರು ಟವೆಲನ್ನು ಬೆನ್ನ ಹಿಂದೆ ಹಿಡಿದರು.

“ಇರ್ಲಿ ಬಿಡ್ರಿ ಮಾವಾರ,” ಎಂದಳು ಅವಳು, ಬಹಳ ಮೆತ್ತಗೆ.

ಅಲ್ಲಿಗೆ ಆ ಮನೆಯಲ್ಲಿ ಅದು ತೀರ್ಮಾನವಾಯಿತು. ತಾನು ಮಾಡದ್ದನ್ನು ಯಾರು ಅಡಗಿಸುತ್ತಾರೆ?

ಶ್ರಾವಣದಲ್ಲಿ ಸುವರ್ಣಾಳ ಗೆಳತಿ ಬಂದಳು. ನನ್ನ ಮುಂದೆ ಬಗ್ಗಿ ಫೋಟೊ ತೆಗೆದಳು.

“ಏನ ಚಂದ ಐತ್ಲೇ ಇದು! ಇಂಥಾದ್ದ ನನಗೂ ಒಂದ ಕೊಡಸ.” ಆಮೇಲೆ ಮೂಗು ಅರಳಿಸಿ, “ಏನೋ ವಾಸನಿ ಬರಾಕತ್ತೈತೆಲ್ಲ?”

“ಮಳಿಗಾಲಲ್ಲ,” ಎಂದಳು ಸುವರ್ಣಾ.

“ನಿಮ್ಮ ಮಾಸ್ತರ ಎಲ್ಲಿ? ಕಾಣಲೇ ಇಲ್ಲ.”

“ಮಲಗ್ಯಾರ.”

ಅವರು ಮಲಗಿರಲಿಲ್ಲ. ಬಾಗಿಲ ಆಚೆ ಕುರ್ಚಿಯ ಮೇಲೆ ಕೂತಿದ್ದರು.

ಈಗ ಮಳೆ ತೆಳ್ಳಗಾಗಿದೆ. ನಡುನಡುವೆ ಎರಡು ದಿನ ಬಿಸಿಲು ಬಿದ್ದರೆ ನಾನು ಒಣಗುತ್ತೇನೆ. ಇನ್ನು ಒಂದೆರಡು ವಾರ, ಆಮೇಲೆ ಬರುವ ವರ್ಷದ ತನಕ ಒಂದು ಹನಿಯೂ ಬೀಳುವುದಿಲ್ಲ. ನನಗೆ ಇದರಿಂದ ದುಃಖವಾಯಿತೇ ಎಂದರೆ ಹೇಳಲಾರೆ. ಮರಕ್ಕೆ ಎಷ್ಟು ದುಃಖವಾಗಬಹುದೋ ಗೊತ್ತಿಲ್ಲ. ನನಗೆ ಎಣ್ಣೆ ಹಚ್ಚುತ್ತಾರೆ, ನನ್ನನ್ನು ಮೆಚ್ಚುತ್ತಾರೆ. ನನ್ನ ಬಗ್ಗೆ ತಿಳಿದದ್ದು ಒಬ್ಬಳಿಗೆ, ಅವಳು ಘಟ್ಟದ ಕೆಳಗಿದ್ದಾಳೆ.

ಇವತ್ತು ಭಾನುವಾರ. ಹೊರಗೆ ಇನ್ನೂ ಮೋಡ ಇದೆ. ನಡುಮನೆಯಲ್ಲಿ ಮೂವರೂ ಅವಲಕ್ಕಿ ತಿನ್ನುತ್ತಿದ್ದರು. ಮಹಾಂತೇಶ ತಟ್ಟೆ ನೋಡುತ್ತಲೇ ಮಾತು ತೆಗೆದ.

“ಅಪ್ಪಾ, ಹಿತ್ತಲ ಖೋಲಿಗೆ ಬಣ್ಣ ಹಚ್ಚಿಸೇನಿ. ನಿಮಗ ಬಾತ್‌ರೂಮ್ ಸಮೀಪ ಆಕ್ಕೈತಿ. ನಾಳೆ ಮಂಚ ಅಲ್ಲಿ ಹಾಕಸ್ತೇನಿ.”

ಆ ಕೋಣೆಯಲ್ಲಿ ಸ್ಕೂಟರಿನ ಹಳೆಯ ಟೈರುಗಳು, ನೀರಿನ ಪಂಪು ಇದ್ದವು. ಅದರ ಬಾಗಿಲು ಮನೆಯೊಳಗೆ ತೆರೆಯುವುದಿಲ್ಲ, ಅಂಗಳಕ್ಕೆ ತೆರೆಯುತ್ತದೆ.

ಮಾಸ್ತರರು ಚಮಚ ಕೆಳಗಿಟ್ಟರು. ಬೆನ್ನು ನೆಟ್ಟಗೆ ಮಾಡಿ ಕೂತರು.

“ನಾಳೆ ಬ್ಯಾಡ, ನಾಡಿದ್ದ ಹಾಕಸು. ಇವತ್ತ ರಾತ್ರಿ ನನ್ನ ಖೋಲಿಗೆ ಹೊರಗಿಂದ ಚಿಲಕಾ ಹಾಕ್ರಿ. ಮುಂಜಾನೆ ನೀವ ಬಂದು, ಮೊದಲ ನೆಲಾ ನೋಡಿ, ಆಮ್ಯಾಲೆ ತಗೀರಿ.”

ಮಹಾಂತೇಶ ಫೋನು ಕೈಗೆತ್ತಿಕೊಂಡ. ಸುವರ್ಣಾ ಎದ್ದು ತಟ್ಟೆಗಳನ್ನು ಒಂದರ ಮೇಲೊಂದು ಇಟ್ಟಳು. ಅವರ ತಟ್ಟೆಯಲ್ಲಿ ಇನ್ನೂ ಅವಲಕ್ಕಿ ಇತ್ತು, ಅದನ್ನೂ ತೆಗೆದುಕೊಂಡಳು.

“ಒಂದ ರಾತ್ರಿ ಸಾಕು,” ಎಂದರು ಮಾಸ್ತರರು. “ಚಿಲಕಾ ಹಾಕ್ರಿ.”