ಅಚ್ಚಿನ ಮೇಲೆ ನಿಲ್ಲದ ಕರಿನೀರು

ಸುತ್ತಿಗೆ ಯಂತ್ರದ ಪೆಡಲ್ ಅತ್ತಿಗೆಯ ಕಾಲಡಿಯಲ್ಲಿ, ಸ್ಪ್ರೇ ಗನ್ ನಾದಿನಿಯ ಕೈಯಲ್ಲಿ. ಮನೆಯಲ್ಲಿ ಒಂದೇ ಒಲೆಗೆ ಕಿತ್ತಾಡುವ ಇಬ್ಬರೂ ಶೆಡ್ಡಿನಲ್ಲಿ ಒಂದೇ ಕುಲುಮೆಯ ಮುಂದೆ ಬೇಯುತ್ತಿದ್ದರು. ಅತ್ತಿಗೆ ಏಟು ಹಾಕಿ ಕೆಂಪಗೆ ಕಾದ ಕಬ್ಬಿಣದ ತುಂಡನ್ನು ಅಚ್ಚಿನಿಂದ ಎತ್ತಿದ ಕೂಡಲೇ, ಅದರ ಗುಳಿಯೊಳಗೆ ಗ್ರಾಫೈಟ್ ಕಲಸಿದ ಕರಿನೀರು ಚಿಮುಕಿಸುವುದು ನಾದಿನಿಯ ಕೆಲಸ. ಅದರಿಂದ ಅಚ್ಚು ತಣಿಯಬೇಕು, ಮೇಲೊಂದು ಜಾರುವ ಪದರವೂ ಕೂರಬೇಕು. ಇಲ್ಲದಿದ್ದರೆ ಕಾದ ಕಬ್ಬಿಣ ಅಚ್ಚನ್ನೇ ಕೆರೆದು ತಿನ್ನುತ್ತದೆ. ಈ ಕೆಲಸದಿಂದಲೇ ಅವಳಿಗೆ ಚಿಮುಕಿ ಎಂಬ ಅಡ್ಡಹೆಸರು ಅಂಟಿಕೊಂಡಿತ್ತು.

ಕಳೆದ ವಾರ ಚಿಮುಕಿಯ ಕೈಯಲ್ಲಿ ಒಂದು ಅಚ್ಚು ಸವೆದು ಹೋಗಿತ್ತು. ಇನ್ನೊಂದು ಹೋದರೆ ಪ್ಯಾಕಿಂಗಿಗೆ ಅಟ್ಟುತ್ತೇನೆ ಎಂದು ಮೇಸ್ತ್ರಿ ಮುಖಕ್ಕೆ ಹೊಡೆದಂತೆ ಹೇಳಿದ್ದ. ಹಾಗಾಗಿ ಇವತ್ತು ಅವಳು ನೀರನ್ನು ಧಾರಾಳವಾಗಿ ಸುರಿಯುತ್ತಿದ್ದಳು.

"ಅಚ್ಚಿಗೆ ಸ್ನಾನ ಮಾಡಿಸ್ತಿದೀಯೇನೇ? ಸೋಪು ಕೊಡ್ಲಾ?"

"ಸವೀಬಾರ್ದು ಅಂತ ಅತ್ತಿಗೆ."

"ಬೇಗ ಬೇಗ ಮಾಡು. ಒಳಗಿರೋ ತುಂಡುಗಳಿಗೆ ನಿಮ್ಮಣ್ಣನಷ್ಟು ತಾಳ್ಮೆ ಇಲ್ಲ."

ಅತ್ತಿಗೆಯ ಕಾಲು ಚುರುಕಾಯಿತು. ಧಡ್, ಪುಸ್, ಧಡ್, ಪುಸ್. ಅಷ್ಟರಲ್ಲಿ ಚಿಮುಕಿಯ ಕಣ್ಣಿಗೆ ಬಿದ್ದಿತು: ಕರಿನೀರು ಅಚ್ಚಿಗೆ ಅಂಟುತ್ತಿಲ್ಲ. ಕಾದ ಬಾಣಲೆಗೆ ಬಿದ್ದ ಹನಿಗಳಂತೆ ಗುಂಡಗೆ ಉರುಳಿ ಹೊರಗೋಡುತ್ತಿದೆ. ಇನ್ನಷ್ಟು ಹೊಡೆದಳು. ಅವೂ ಓಡಿದವು.

ಗನ್ ಹಿಡಿದವರು ಕೈ ಎತ್ತಿದರೆ ಪೆಡಲ್ ಮೇಲಿನ ಕಾಲು ತೆಗೆಯಲೇಬೇಕು, ಜಗಳ ಏನಿದ್ದರೂ ಆಮೇಲೆ. ಅದು ಶೆಡ್ಡಿನ ಕಟ್ಟಳೆ. ಆದರೆ ನಿಲ್ಲಿಸಿದರೆ ಕುಲುಮೆಯೊಳಗಿನ ತುಂಡುಗಳು ಹೆಚ್ಚು ಕಾದು, ಮೇಲ್ಮೈ ಸುಟ್ಟು ಹೊಪ್ಪಳೆ ಕಟ್ಟಿ ಹಾಳಾಗುತ್ತವೆ. ಕಳೆದ ವಾರ ಅತ್ತಿಗೆಯ ಬಾಯಿಗೆ ಹೆದರಿ ಚಿಮುಕಿ ಕೈ ಎತ್ತಿರಲಿಲ್ಲ.

ಈ ಸಲ ಎತ್ತಿದಳು. ಸುತ್ತಿಗೆ ನಿಂತಿತು.

"ಏನಾಯ್ತೇ, ತೋಳು ನೋವಾ?"

"ನೀರು ನಿಲ್ತಿಲ್ಲ. ಅಚ್ಚು ವಿಪರೀತ ಕಾದಿದೆ."

"ಇನ್ನೆರಡು ಸಲ ಹೊಡಿ, ನಿಲ್ಲುತ್ತೆ."

"ಹೊಡೆದೆ ಅತ್ತಿಗೆ. ತಾನಾಗೇ ಆರಬೇಕು."

ಅತ್ತಿಗೆ ಹಲ್ಲು ಕಚ್ಚಿದಳು, ಕಾಲನ್ನು ಮಾತ್ರ ಪೆಡಲ್ ಮೇಲೆ ಇಡಲಿಲ್ಲ. ಅಚ್ಚು ಆರಲೆಂದು ಇಬ್ಬರೂ ಕಾದರು. ಸದ್ದು ನಿಂತದ್ದಕ್ಕೆ ಮೇಸ್ತ್ರಿ ಓಡಿಬಂದು ಕುಲುಮೆಗೆ ಇಣುಕಿದ. ತುಂಡುಗಳ ಮೈಯೆಲ್ಲ ಹೊಪ್ಪಳೆ ಎದ್ದಿತ್ತು.

"ಯಾರಮ್ಮ ನಿಲ್ಸಿದ್ದು?"

"ನಾನೇ," ಎಂದಳು ಚಿಮುಕಿ.

"ಪ್ಯಾಕಿಂಗ್ ರೂಮು ಎಲ್ಲಿದೆ ಗೊತ್ತಲ್ವಾ?"

"ಅವಳು ಕೈ ಎತ್ತಿದ್ಲು, ನಾನು ಕಾಲು ತೆಗ್ದೆ. ರೂಲ್ಸ್ ಮಾಡಿದ್ದು ನೀವೇ," ಅತ್ತಿಗೆ ಮಧ್ಯೆ ಬಾಯಿ ಹಾಕಿದಳು. "ಕೂಗೋಕೆ ಮುಂಚೆ ಅಚ್ಚು ನೋಡ್ಬಾರ್ದಾ?"

ಮೇಸ್ತ್ರಿ ಟಾರ್ಚು ಹಾಕಿ ಅಚ್ಚಿನ ಮೇಲೆ ಬಗ್ಗಿದ. ಮೂಲೆಗಳು ಚೂಪಾಗಿಯೇ ಇದ್ದವು. ಒಂದು ಕಡೆ ಮಾತ್ರ ಸಣ್ಣ ಗೀರು.

"ಉಜ್ಜಿದ್ರೆ ಹೋಗುತ್ತೆ," ಎಂದು ಗೊಣಗಿದ.

"ಹಾಗಾದ್ರೆ ನಾನು?" ಎಂದಳು ಚಿಮುಕಿ.

"ನೀನಾ? ಇಲ್ಲೇ ಬಿದ್ದಿರು. ಆ ಹಾಳು ತುಂಡುಗಳನ್ನ ಮೊದ್ಲು ಹೊರಗೆ ಹಾಕಿ, ಇಬ್ರೂ."

ಉದ್ದ ಇಕ್ಕುಳ ಹಿಡಿದು ತುಂಡುಗಳನ್ನು ಎಳೆಯುತ್ತಾ ಅತ್ತಿಗೆ ಉದ್ದಕ್ಕೂ ಬೈದಳು. ಚಿಮುಕಿಯೂ ಪಕ್ಕದಲ್ಲೇ ನಿಂತು ಎಳೆದಳು. ಹೊಸ ತುಂಡುಗಳು ಕೆಂಪಾಗುವ ಹೊತ್ತಿಗೆ ಅಚ್ಚಿನ ಗೀರನ್ನು ಉಜ್ಜಿ, ಒಂದು ಸಲ ನೀರು ಹೊಡೆದಳು. ನೀರು ಹರಡಿ, ಆರಿ, ಬೂದು ಪದರವಾಗಿ ಕೂತಿತು.

"ಹೂಂ, ಏಟು ಹಾಕಿ ಅತ್ತಿಗೆ," ಎಂದಳು.