ಎಂಟನೆಯ ಪ್ಲಾಟ್‌ಫಾರ್ಮಿನ ತೊಟ್ಟಿಲು

ಕುಬಿಹಾಳದ ಶಿವಗಂಗಾ ಹುಬ್ಬಳ್ಳಿ ಸ್ಟೇಶನ್ನಿನಲ್ಲಿ ಕೆಂಪಂಗಿ ತೊಟ್ಟು ಹಮಾಲಿಗೆ ನಿಂತು ಒಂಬತ್ತು ದಿನಗಳಾಗಿದ್ದವು. ಆ ಒಂಬತ್ತು ದಿನಗಳಲ್ಲಿ ಒಬ್ಬರೂ ಅವಳಿಗೆ ಸಾಮಾನು ಕೊಟ್ಟಿರಲಿಲ್ಲ.

ಅವಳ ತೋಳಿನ ಹಿತ್ತಾಳೆ ಬಿಲ್ಲೆ ಅಪ್ಪ ಸಣ್ಣಪ್ಪನದು. ಅದಕ್ಕೂ ಮೊದಲು ಅಜ್ಜನದು. ಅಜ್ಜ ಹೊರುತ್ತಿದ್ದಾಗ ಸಣ್ಣ ಹಳಿಯ ಮೇಲೆ ಹೊಗೆ ಉಗುಳುವ ಗಾಡಿಗಳು ಓಡಾಡುತ್ತಿದ್ದವು; ಕುಂದಗೋಳ ಸೀಮೆಯ ಹತ್ತಿ, ಒಣಮೆಣಸಿನಕಾಯಿ ಈ ಸ್ಟೇಶನ್ನಿನಿಂದಲೇ ದೂರದೂರಿಗೆ ಹೋಗುತ್ತಿದ್ದವು. ಅಪ್ಪನ ಕಾಲಕ್ಕೆ ಹಳಿಗಳು ಅಗಲವಾದವು. ಆಮೇಲೆ ಸೂಟ್‌ಕೇಸುಗಳಿಗೆ ಗಾಲಿ ಬಂದವು. ಹಮಾಲರು ಕರಗುತ್ತ ಹೋದರೂ ಸ್ಟೇಶನ್ ಬೆಳೆಯುತ್ತಲೇ ಇತ್ತು. ಎಂಟನೆಯ ಪ್ಲಾಟ್‌ಫಾರ್ಮನ್ನು ಒಂದೂವರೆ ಕಿಲೋಮೀಟರ್ ಉದ್ದ ಮಾಡಿದಾಗ, ಜಗತ್ತಿನಲ್ಲಿ ಇಷ್ಟುದ್ದದ್ದು ಇನ್ನೊಂದಿಲ್ಲ ಎಂದು ಪೇಪರಿನಲ್ಲಿ ಬಂತು. ಸಣ್ಣಪ್ಪ ಅದನ್ನು ಮಗಳಿಂದ ಓದಿಸಿ ಕೇಳಿ, "ನಡಿಯಾವ್ರ ಕಾಲು ಯಾರು ಅಳದಾರ?" ಎಂದಿದ್ದ.

ಹೋದ ವರ್ಷ ಅವನ ಬಲಭುಜ ಮೇಲೇಳದಾಯಿತು. ಗಂಡುಮಕ್ಕಳಿರಲಿಲ್ಲ. ಬಿಲ್ಲೆಯನ್ನು ಮಗಳ ಹೆಸರಿಗೆ ಮಾಡಿಸಲು ಎಂಟು ತಿಂಗಳು ಓಡಾಟವಾಯಿತು. ಹಮಾಲರ ಮುಕಾದಮ ಪುಂಡಲೀಕ ಮೊದಲ ದಿನವೇ ಹೇಳಿದ್ದ: "ನಂದೇನು ತಕರಾರಿಲ್ಲ ತಂಗಿ. ಮಂದಿ ಕೊಡಬೇಕಲಾ?"

ಅವನ ಮಾತು ಸುಳ್ಳಾಗಲಿಲ್ಲ. ಅವಳು ಎದುರು ಹೋದರೆ ಗಂಡಸರು ನಾಚಿ, "ಬ್ಯಾಡ್ರಿ ಅಕ್ಕಾರ" ಎಂದು ತಮ್ಮ ಚೀಲ ತಾವೇ ಎತ್ತಿಕೊಳ್ಳುತ್ತಿದ್ದರು. ಹೆಂಗಸರು ಅವಳ ಅಂಗಿಯನ್ನೊಮ್ಮೆ ಮುಖವನ್ನೊಮ್ಮೆ ನೋಡಿ ಸುಮ್ಮನೆ ಮುಂದೆ ಹೋಗುತ್ತಿದ್ದರು. ಶಿವಗಂಗಾ ಅದಕ್ಕೆ ಅಳಲಿಲ್ಲ, ಸಿಟ್ಟೂ ಮಾಡಲಿಲ್ಲ. ಸುಮ್ಮನೆ ಕೂರುವ ಬದಲು ಎಂಟನೆಯ ಪ್ಲಾಟ್‌ಫಾರ್ಮಿನ ಈ ತುದಿಯಿಂದ ಆ ತುದಿಗೆ ನಡೆಯುತ್ತಿದ್ದಳು.

ಹತ್ತನೆಯ ದಿನ ಮಧ್ಯಾಹ್ನ ಕಲಘಟಗಿಯ ಮಡಿವಾಳೆಪ್ಪ, ಸಾವಿತ್ರೆವ್ವ ದಂಪತಿ ಆಟೋದಿಂದ ಒಂದು ತೊಟ್ಟಿಲು ಇಳಿಸಿದರು. ಸೊಲ್ಲಾಪುರದಲ್ಲಿರುವ ಮಗಳು ಅಮೃತಾಳಿಗೆ ಚೊಚ್ಚಲ ಕೂಸು. ತವರಿನ ತೊಟ್ಟಿಲು ಹೋಗಬೇಕು. ಬಣ್ಣದ ಕಟ್ಟಿಗೆಗೆ ಹಳೆಯ ಕೌದಿ ಸುತ್ತಿ ಹಗ್ಗ ಬಿಗಿದಿದ್ದರು. ಗಾಲಿ ಇರುವ ಸಾಮಾನಲ್ಲ, ತಲೆಯ ಮೇಲೆಯೇ ಹೋಗಬೇಕು. ಉಳಿದ ಹಮಾಲರೆಲ್ಲ ಆಗತಾನೇ ಬಂದ ಗಾಡಿಯ ಕಡೆ ಹೋಗಿದ್ದರು.

"ಗಂಡಸ್ರು ಯಾರೂ ಇಲ್ಲೇನ?" ಎಂದ ಮಡಿವಾಳೆಪ್ಪ.

"ನಾ ಅದೀನ್ರಿ," ಎಂದಳು ಶಿವಗಂಗಾ.

ಅವನು ಅನುಮಾನಿಸಿದ. ಸಾವಿತ್ರೆವ್ವ ಮಾತ್ರ, "ಹೊರಸ್ರಿ. ನೀರು, ಹುಲ್ಲು, ಕಟಗಿ ಎಲ್ಲಾ ಹೊತ್ತಾವ್ರು ಯಾರು ಮತ್ತ?" ಎಂದಳು.

ಶಿವಗಂಗಾ ತಲೆಯ ಮೇಲೆ ಬಟ್ಟೆಯ ಸಿಂಬಿ ಇಟ್ಟುಕೊಂಡು ತೊಟ್ಟಿಲು ಹೊತ್ತಳು. ಮೇಲ್ಸೇತುವೆ ಹತ್ತಿ ಎಂಟಕ್ಕೆ ಇಳಿದಾಗ ಎದುರಿಗೇ ಗಾಡಿ ನಿಂತಿತ್ತು. ಮಡಿವಾಳೆಪ್ಪ ಒಂದು ಕಾಲು ಒಳಗಿಟ್ಟೇಬಿಟ್ಟ.

"ತಡೀರಿ ಕಾಕಾ!" ಅವಳು ಬೋಗಿಯ ಫಲಕ ಓದಿದಳು. "ಇದು ಬೆಂಗಳೂರ ಗಾಡಿ. ನಿಮ್ಮದು ಆ ತುದಿಗೆ ನಿಂತೈತಿ."

"ಎಂಟ ಅಂತ ಹೇಳಿದ್ರಲಾ?"

"ಎರಡೂ ಎಂಟ ರೀ. ಒಂದ ಪ್ಲಾಟ್‌ಫಾರ್ಮಿಗೆ ಎರಡು ಗಾಡಿ."

ಗಾಡಿ ಬಿಡಲು ಹನ್ನೊಂದು ನಿಮಿಷ ಉಳಿದಿತ್ತು. ಸಾವಿತ್ರೆವ್ವನಿಗೆ ಮೊಣಕಾಲು ನೋವು. ನೂರು ಹೆಜ್ಜೆಗೊಮ್ಮೆ ನಿಲ್ಲುತ್ತಿದ್ದಳು. ಮೂರನೆಯ ಸಲ ನಿಂತಾಗ ಶಿವಗಂಗಾ, "ನಾ ಮುಂದ ಹೋಗಿ ಗಾರ್ಡರಿಗೆ ಹೇಳತೀನಿ. ನೀವು ಬರ್ರಿ," ಎಂದಳು.

ಮಡಿವಾಳೆಪ್ಪ ತೊಟ್ಟಿಲಿನ ಹಗ್ಗ ಹಿಡಿದುಕೊಂಡ. ಗುರುತಿಲ್ಲದವಳ ಕೈಗೆ ಬಿಟ್ಟು ಬಿಡುವುದು ಹೇಗೆ? ಸಾವಿತ್ರೆವ್ವ ಅವನ ಕೈ ತೆಗೆದಳು. "ಹೋಗವ್ವಾ ನೀ."

ಅವಳು ಬಿರಬಿರನೆ ನಡೆದಳು. ಕೊನೆಯ ಬೋಗಿ ಮುಟ್ಟಿ, ಬಾಗಿಲಲ್ಲಿದ್ದವರ ಕೈಗೆ ತೊಟ್ಟಿಲು ಕೊಟ್ಟು, ಗಾರ್ಡನ ಹತ್ತಿರ ಓಡಿದಳು. "ಇಬ್ರು ವಯಸ್ಸಾದವ್ರು ಬರಾಕತ್ತಾರ್ರಿ ಸಾಹೇಬ್ರ, ಒಂದ ಎರಡು ನಿಮಿಷ."

ಅವನು ಹಿಂದಕ್ಕೆ ನೋಡಿದ. ದಂಪತಿ ಇನ್ನೂ ಬಹಳ ದೂರದಲ್ಲಿದ್ದರು. "ಸಿಗ್ನಲ್ ಬಿದ್ದದವ್ವಾ. ನನ್ನ ಕೈಯಾಗಿಲ್ಲ."

ಗಾಡಿ ಅಲುಗಿತು. ಶಿವಗಂಗಾ ಓಡಿ ಬಾಗಿಲ ಹಿಡಿಕೆ ಹಿಡಿದು, "ಇಳಸ್ರಿ, ಇಳಸ್ರಿ!" ಎಂದು ಕೂಗಿದಳು. ಒಳಗಿದ್ದವರು ತೊಟ್ಟಿಲನ್ನು ಹೊರಗೆ ನೂಕಿದರು. ಅದು ಅವಳ ಎದೆಗೆ ಬಡಿದು, ಅವಳು ತೊಟ್ಟಿಲಿನ ಸಮೇತ ಪ್ಲಾಟ್‌ಫಾರ್ಮಿನ ಕಲ್ಲಿನ ಮೇಲೆ ಬಿದ್ದಳು. ಅವಳು ಕೆಳಗೆ, ತೊಟ್ಟಿಲು ಮೇಲೆ. ಗಾಡಿ ಹೋಯಿತು.

ಮಡಿವಾಳೆಪ್ಪ ಬಂದವನೇ ಕೌದಿ ಬಿಚ್ಚಿದ. ಒಂದು ಮೂಲೆಯಲ್ಲಿ ಹೆಬ್ಬೆರಳಷ್ಟು ಬಣ್ಣ ಹಾರಿತ್ತು. "ಕೆಡಿಸಿದಿ ನೋಡು! ಅದಕ್ಕ ಗಂಡಸ್ರು ಬೇಕು ಅಂದಿದ್ದೆ."

"ಬಣ್ಣ ಹೋಗಿದ್ದು ನನ್ನ ಕೈಯಾಗ ಖರೆ," ಎಂದಳು ಅವಳು. "ಗಾಡಿ ತಪ್ಪಿದ್ದು ನನ್ನಿಂದಲ್ಲರಿ."

ಸಾವಿತ್ರೆವ್ವ ಅವಳ ಮೊಣಕೈಯಿಂದ ರಕ್ತ ಇಳಿಯುವುದನ್ನು ಕಂಡು, ಬುತ್ತಿ ಕಟ್ಟಿದ ಬಟ್ಟೆ ಬಿಚ್ಚಿ ಅದಕ್ಕೆ ಸುತ್ತಿದಳು. ರೊಟ್ಟಿಯನ್ನೂ ಮೂರು ಪಾಲು ಮಾಡಿದಳು. ಮುಂದಿನ ಗಾಡಿ ಸಂಜೆಗಿತ್ತು. ಮೂವರೂ ತೊಟ್ಟಿಲಿನ ಬಾಜು ಕೂತು ಅಲ್ಲಿಯವರೆಗೆ ಕಾದರು. ಮಡಿವಾಳೆಪ್ಪ ಬಂದು ಹೋಗುವ ಗಾಡಿಗಳನ್ನು ನೋಡುತ್ತಿದ್ದ. ಕೊನೆಗೆ, "ಯಾವೂರವ್ವಾ ನಿಂದು?" ಎಂದು ಕೇಳಿದ. ಊರು ಹೇಳಿದಳು. ಮೆಣಸಿನಕಾಯಿ ಹೆಂಗದಾವ ಎಂದ. ಅದನ್ನೂ ಹೇಳಿದಳು.

ಸಂಜೆಯ ಗಾಡಿ ಎರಡನೆಯ ಪ್ಲಾಟ್‌ಫಾರ್ಮಿಗೆ ಎಂದು ಧ್ವನಿವರ್ಧಕ ಹೇಳಿತು. ಅಷ್ಟರಲ್ಲಿ ಪುಂಡಲೀಕ ಬಂದು, ಅವಳ ಕೈಗೆ ಕಟ್ಟಿದ್ದ ಬಟ್ಟೆ ನೋಡಿ, ತಾನೇ ತೊಟ್ಟಿಲಿಗೆ ಕೈ ಹಾಕಿದ.

"ಆಕಿ ಹೊರಲಿ ಬಿಡು," ಎಂದ ಮಡಿವಾಳೆಪ್ಪ. "ಆಕಿಗೆ ಗೊತ್ತೈತಿ."

ಅವರನ್ನು ಗಾಡಿ ಹತ್ತಿಸಿ, ಕುಂದಗೋಳದಲ್ಲಿ ಇಳಿದು ಅವಳು ಊರು ಮುಟ್ಟಿದಾಗ ದೀಪ ಹಚ್ಚಿದ್ದರು. ಕಟ್ಟೆಯ ಮೇಲೆ ಕೂತಿದ್ದ ಸಣ್ಣಪ್ಪ ದಿನವೂ ಕೇಳುವಂತೆ ಕೇಳಿದ: "ಏನರ ಸಿಕ್ತೇನವ್ವಾ?"

"ಒಂದು ತೊಟ್ಟಿಲ ಹೊತ್ತೆ," ಎಂದಳು. "ಎರಡ ಸಲ."