ಬಳೆಗಳ ಮೇಲೆ ಕಟ್ಟಿದ ವಾಚು

ಮತ್ತೆ ಝುಮ್ಮೆಂದಿತು ಕೈ, ಕೈಯಲ್ಲ, ವಾಚು — ಬಹಳ ಹೊತ್ತಿನಿಂದ ಕೂತಿದ್ದೀರಿ, ಎದ್ದು ಸ್ವಲ್ಪ ಓಡಾಡಿ ಅನ್ನುತ್ತಿದೆ, ಎಲ್ಲಿಗೆ ಓಡಾಡಲಪ್ಪಾ, ಹಂಚು ಕಾದಿದೆ, ಬಡಿಯುವ ಕಲ್ಲಿನ ಮೇಲೆ ರೊಟ್ಟಿ ಇನ್ನೂ ಅರ್ಧ ಅಗಲವಾಗಿದೆ, ಈಗ ಎದ್ದರೆ ಅಲ್ಲೇ ಅಂಟಿಕೊಳ್ಳುತ್ತದೆ, ನೀನು ಬಂದು ಕೀಳುತ್ತೀಯಾ, ವಾಚಿನ ಜೊತೆ ಮಾತಾಡುವ ಮಟ್ಟಕ್ಕೆ ಬಂದೆನಲ್ಲ, ಬಡಿ, ತಿರುಗಿಸು, ಹಿಟ್ಟು ಉದುರಿಸು, ಬಡಿ — ಬೆಳಿಗ್ಗೆ ಚಪ್ಪಲಿ ಮೆಟ್ಟುತ್ತ ಇವರು ಹೇಳಿ ಹೋಗಿದ್ದಾರೆ, ವಾಚು ಮರಳಿಸಾಕ ಇವತ್ತ ಆಖರಿ ದಿನ ನೋಡು ಸುನಿತಾ, ಮಧ್ಯಾಹ್ನ ಪರಶುರಾಮ ಬರ್ತಾನ, ಇಟ್ಕೊಳ್ಳೋದೋ ವಾಪಸ್ ಕೊಡೋದೋ ನೀನ ಹೇಳು, ಕಟ್ಕೊಂಡಾಕಿ ನೀನು. ಪರಶುರಾಮ ಅಂದರೆ ನಮ್ಮ ಓಣಿಗೆ ಕೊರಿಯರ್ ತರುವವನು, ತಂದಷ್ಟೇ ಸಾಮಾನು ಮರಳಿ ಒಯ್ಯುತ್ತಾನೆ ನಮ್ಮ ಮನೆಯಿಂದ. ನನ್ನ ಗಂಡ ನಂದೀಶ ಗದಗಿನ ಪ್ರೆಸ್ಸಿನಲ್ಲಿ ದಿನವಿಡೀ ಕಾಗದ ಕತ್ತರಿಸಿ ಬಂದು, ಊಟಕ್ಕೆ ಕೂತಾಗ ಮೊಬೈಲಿನಲ್ಲಿ ಯಾವ ಯಂತ್ರಕ್ಕೆ ಎಷ್ಟು ನಕ್ಷತ್ರ ಬಿದ್ದಿವೆ ಅಂತ ನೋಡುತ್ತಾರೆ, ನನ್ನ ದಣಿವಿಗೆ ಕಾರಣ ಕೆಲಸವಲ್ಲವಂತೆ, ಹೊತ್ತು ಎಲ್ಲೋ ಸೋರುತ್ತಿದೆಯಂತೆ, ಸೋರುವ ಜಾಗ ಸಿಕ್ಕರೆ ಮುಚ್ಚಬಹುದಂತೆ. ಪ್ರೀತಿಯಿಂದಲೇ ಹೇಳುತ್ತಾರೆ, ಅದಕ್ಕೇ ಸಿಟ್ಟು ಮಾಡಲೂ ಬರುವುದಿಲ್ಲ.

ಮೊದಲು ಗೋಡೆಗೆ ಅಂಟಿಸುವ ಟೈಮರ್ ಬಂತು, ಅದು ಕೂಗಿದಾಗಲೆಲ್ಲ ಅತ್ತೆ ಕುಕ್ಕರಿರಬೇಕೆಂದು ಓಡಿಹೋಗಿ ಗ್ಯಾಸ್ ಆರಿಸುತ್ತಿದ್ದರು, ಆಮೇಲೆ ಮಾತು ಕೇಳುವ ಡಬ್ಬಿ, ಕೈ ಹಿಟ್ಟಾಗೈತಿ, ಖಾನಾವಳಿಗೆ ರೊಟ್ಟಿ ಕಳಸೋದು ನೆನಪಿಟ್ಕೋ ಅಂದರೆ ಯಾವುದೋ ಹಿಂದಿ ಹಾಡು ಹಚ್ಚಿತು, ಆಮೇಲೆ ಆ ಆ್ಯಪ್, ನನ್ನ ದಿನವನ್ನು ಬಣ್ಣ ಬಣ್ಣದ ತುಂಡು ಮಾಡಿ ತೋರಿಸುವುದು, ಅತ್ತೆಯ ಜೊತೆ ಕಟ್ಟೆಯ ಮೇಲೆ ಚಹಾ ಕುಡಿದ ಹೊತ್ತೆಲ್ಲ ಕೆಂಪು, ಕೆಂಪು ಅಂದರೆ ಹಾಳಾದ ಹೊತ್ತು, ಇಡೀ ದಿನದಲ್ಲಿ ಹಾಳಾಗದೆ ಉಳಿದದ್ದು ಅದೊಂದೇ ಅಂತ ಅದಕ್ಕೆ ಯಾರು ಹೇಳಬೇಕು. ಈಗ ಈ ವಾಚು. ಬಳಿ ತಗದು ಕಟ್ಕೋ ಅಂದರು ಇವರು, ಅಡುಗೆಮನೆಯಿಂದ ಅತ್ತೆ ನೀಲಗಂಗವ್ವನ ದನಿ ಬಂತು, ಮುತ್ತೈದಿ ಕೈ ಬರಿದ ಮಾಡಸ್ತೀಯೇನಲೇ, ಬುದ್ಧಿ ಎಲ್ಲಿಟ್ಟೀ, ಹೀಗಾಗಿ ಹಸಿರು ಬಳೆಗಳನ್ನು ಕೆಳಗೆ ಬಿಟ್ಟು, ಅವುಗಳ ಮೇಲಕ್ಕೆ, ಮೊಣಕೈ ಕಡೆಗೆ ಬಿಗಿಯಾಗಿ ಕಟ್ಟಿಕೊಂಡೆ, ಬಲಗೈಗೆ, ಸಡಿಲ ಬಿಟ್ಟರೆ ಜಾರಿ ಬಂದು ಬಳೆಗಳಿಗೆ ಬಡಿಯುತ್ತದೆ. ರೊಟ್ಟಿ ಬಡಿದದ್ದನ್ನೆಲ್ಲ ಅದು ನಡಿಗೆಯೆಂದು ತಿಳಿಯಿತು. ಕೂತಿದ್ದೀರಿ ಎದ್ದೇಳಿ ಅನ್ನುವುದೂ ಅದೇ, ಎಷ್ಟು ನಡೆದಿರಿ ಭೇಷ್ ಅನ್ನುವುದೂ ಅದೇ, ಇವರು ಇಷ್ಟು ದಿನದ ಹೆಜ್ಜೆ ಕೂಡಿಸಿ ನೋಡಿ ಕುಣಿದಾಡಿದರು, ಲೇ ಸುನಿತಾ, ಲಕ್ಷ್ಮೇಶ್ವರ ದಾಟೀಯಲ್ಲಲೇ, ನಾನೂ ನಕ್ಕೆ, ಆಮೇಲೆ ನಗು ನಿಂತಿತು — ಲಕ್ಷ್ಮೇಶ್ವರ ದಾಟಿದರೆ ಶಿಗ್ಲಿ, ಶಿಗ್ಲಿಯಲ್ಲಿ ಅವ್ವ, ಖರೇನೇ ನಡೆದಿದ್ದರೆ ಇಷ್ಟೊತ್ತಿಗೆ ಅವ್ವನ ಬಾಗಿಲಲ್ಲಿ ಕಾಲು ತೊಳೆಯುತ್ತಿದ್ದೆ, ಏನ ಯವ್ವಾ, ಇಷ್ಟ್ಯಾಕ ಸೊರಗೀ ಅನ್ನುತ್ತಿದ್ದಳು, ಹೋಗಿ ಎಷ್ಟು ದಿನವಾಯಿತು, ಖಾನಾವಳಿಯವರು ಬಿಡುವುದಿಲ್ಲ, ಸುನಿತಾನ ಕೈಯಾನ ರೊಟ್ಟಿನ ಬೇಕ್ರಿ, ಹಾಳಿಯಂಗ ತೆಳ್ಳಗ ಇರ್ತಾವ ಅನ್ನುತ್ತಾರೆ, ನನ್ನ ಕೈ, ನನ್ನ ಕೈ ಅಂತಲೇ ಈ ಮನೆಗೆ ಗಿರಾಕಿ ಬರುತ್ತಾರೆ. ಅಯ್ಯೋ, ಅಂಚು ಒಡೆಯಿತು.

ಮತ್ತೆ ಒಡೆಯಿತು. ಕೂಡಿಸಿ ತಟ್ಟಿದರೆ ಮುಗಿಯಿತು, ಅತ್ತೆಗೆ ಕಂಡಿಲ್ಲ, ಕಂಡಿದೆ, ಹಿಟ್ಟಿನ ಜಿಗಿ ಹೋಗೈತೇನ ಸುನಿತಾ, ಎಸರು ಛಲೋ ಕುದ್ದಿತ್ತಲ್ಲ, ಹೌದ್ರಿ ಅತ್ತಿ, ಜ್ವಾಳಾನ ಹಳೇದು ಕಾಣಸ್ತೈತಿ ಅಂದೆ, ಜೋಳ ಹೊಸದು, ನಾನೇ ನಿಂತು ಬೀಸಿಸಿಕೊಂಡು ಬಂದದ್ದು. ಜೋಳವಲ್ಲ, ಬೆರಳು. ಹಿಟ್ಟು ಎಲ್ಲಿ ದಪ್ಪ ಎಲ್ಲಿ ತೆಳು ಅಂತ ಬೆರಳಿಗೆ ತಿಳಿಯಬೇಕು, ತಿಳಿಯುತ್ತಿಲ್ಲ, ಬಟ್ಟೆ ಸುತ್ತಿದ ಹಾಗೆ ಇದೆ, ನಸುಕಿನಲ್ಲಿ ಏಳುವಾಗ ಇಡೀ ಅಂಗೈ ಬೇರೆಯವರದು. ವಾಚು ಬಿಗಿದದ್ದಕ್ಕೆ ಹೀಗೆ. ಬೇರೆ ಏನಿರುತ್ತದೆ. ನಿನ್ನೆ ಚಾರ್ಜಿಗೆ ಬಿಚ್ಚಿಟ್ಟಾಗಲೂ ಹಾಗೇ ಇತ್ತಲ್ಲ — ರಕ್ತ ಹರಿಯಲು ಹೊತ್ತು ಬೇಕಾಗುತ್ತದೆ. ವಾಚು ಬರುವ ಮೊದಲು, ಪಂಚಮಿಯ ಉಂಡಿ ಕಟ್ಟುವಾಗ ಕೈಯಿಂದ ಜಾರಿ ಬಿದ್ದವಲ್ಲ — ಬೆಲ್ಲದ ಪಾಕ ಎಳೆಯದಾಗಿತ್ತು. ಪಾಕ, ಜೋಳ, ವಾಚು, ಎಷ್ಟು ಜನರ ಮೇಲೆ ತಪ್ಪು ಹಾಕಿದೆ. ಡಾಕ್ಟರಿಗೆ ತೋರಿಸಿದರೆ ಅವರು ಒಂದೇ ಮಾತು ಹೇಳುತ್ತಾರೆ, ಬಡಿಯುವುದು ಬಿಡಿ, ಅದೊಂದು ಮಾತು ನನಗೆ ಬೇಡ, ಬಡಿಯುವುದು ಬಿಟ್ಟರೆ ನಾನು ಈ ಮನೆಯಲ್ಲಿ ಯಾರು, ನನಗೆ ಭಯವಾಗುತ್ತದೆ, ಇವರಿಗೂ ಹೇಳಿಲ್ಲ, ಹೇಳಿದರೆ ರೊಟ್ಟಿ ಬಡಿಯುವ ಯಂತ್ರಕ್ಕೆ ಎಷ್ಟು ನಕ್ಷತ್ರ ಬಿದ್ದಿವೆ ಅಂತ ನೋಡುತ್ತಾರೆ. ಹಾಗಾದರೆ ವಾಚು ಇರಲಿ. ಕೈಗೆ ವಾಚಿದ್ದರೆ ಅದನ್ನು ಬೈಯಬಹುದು, ಬಿಗೀ ಆಗೈತ್ರಿ ಅನ್ನಬಹುದು, ಅಷ್ಟಕ್ಕಾದರೂ ಉಪಯೋಗಕ್ಕೆ ಬಂತು, ಇಷ್ಟು ದಿನದಲ್ಲಿ ಇವರು ತಂದ ಸಾಮಾನಿನಲ್ಲಿ ನನಗೆ ನಿಜವಾಗಿ ಬೇಕಾದದ್ದು ಇದೊಂದೇ, ಅದಕ್ಕೆ ನಗು ಬರುತ್ತಿದೆ, ನಗಲೂ ತ್ರಾಣವಿಲ್ಲ.

ಗೇಟು ಸದ್ದಾಯಿತು, ಅಕ್ಕಾರ, ವಾಪಸ್ ಐತೇನ್ರಿ ಇವತ್ತ, ಪರಶುರಾಮ, ಎದ್ದು ಬಾಗಿಲಿಗೆ ಬಂದೆ, ಹಣೆಯ ಬೆವರು ತೋಳಿಗೆ ಒರೆಸಿಕೊಳ್ಳುತ್ತ ನಿಂತಿದ್ದಾನೆ, ಈ ವಾಚು ಛಲೋ ಐತೇನ್ರಿ ಅಕ್ಕಾರ, ನಮ್ಮನಿಯಾಕಿನೂ ದಣದೀನಿ ದಣದೀನಿ ಅಂತಾಳ, ಒಂದ ತಗೊಂಡ ಕೊಡ್ಲೇನು ಅಂತ ಮಾಡೀನಿ — ಇರಲಿ ಅನ್ನಲು ಬಾಯಿ ತೆರೆದವಳು ಅವನ ಮುಖ ನೋಡಿದೆ, ಇವರ ಮುಖದಲ್ಲಿರುವ ಅದೇ ಆಸೆ, ಎಲ್ಲೋ ಒಂದು ಯಂತ್ರ ಇದ್ದೇ ಇರುತ್ತದೆ ಅನ್ನುವ ಆಸೆ, ಬ್ಯಾಡ ತಮ್ಮಾ, ಆಕಿ ಕೈ ಒಮ್ಮೆ ಹಿಡದ ನೋಡು, ಹೆಂಗೈತಿ ಅಂತ ಕೇಳು, ಅಂದುಬಿಟ್ಟೆ, ಯಾರು ಅಂದರು ಅದನ್ನು, ನಾನೇ, ಎಡಗೈಯಿಂದ ಬಲಗೈಯ ಪಟ್ಟಿ ಬಿಚ್ಚಿದೆ, ಡಬ್ಬಿಗೆ ಹಾಕಿ ಕೊಟ್ಟೆ, ಹೋಯಿತು, ತೋಳು ಹಗುರ, ಇನ್ನು ಸರಿಹೋಗುತ್ತದೆ, ರಕ್ತ ಹರಿಯುತ್ತದೆ, ಮತ್ತೆ ಹಂಚಿನ ಮುಂದೆ ಕೂತೆ, ರೊಟ್ಟಿ ಹಾಕಿ ಒದ್ದೆ ಬಟ್ಟೆ ಸವರಿ ತಿರುಗಿಸಿದೆ, ಉಬ್ಬಲಿ ಅಂತ ಅಂಚು ಒತ್ತಿ ಹಿಡಿದೆ, ಏನೋ ಸುಡಾಕತ್ತೈತಲ್ಲ ಸುನಿತಾ, ಅತ್ತೆಯ ದನಿ, ಇಲ್ರಿ ಅತ್ತಿ, ರೊಟ್ಟಿ ಬೆಳ್ಳಗೇ ಇದೆ, ಕೂದಲು ಸುಟ್ಟಂಥ ವಾಸನೆ, ಚರ್ಮದ್ದು, ನೋಡಿದೆ, ಬೆರಳು ರೊಟ್ಟಿಯಿಂದ ಜಾರಿ ಹಂಚಿನ ಮೇಲಿದೆ, ನನ್ನದೇ ಬೆರಳು, ಉಗುರಿನ ಸಂದಿಯಲ್ಲಿ ಹಿಟ್ಟಿದೆ, ತೆಗೆಯಬೇಕು, ನೋವಾದರೆ ತೆಗೆಯುತ್ತೇನೆ, ಒಂದು ಚೂರಾದರೂ ನೋವಾಗಲಿ ಅಂತ ಕಾಯುತ್ತಿದ್ದೇನೆ, ಸುನಿತಾ, ಏ ಸುನಿತಾ, ಕೈ, ಕೈ ತಗೀ ಯವ್ವಾ — ಹಂಚಿನ ಮೇಲೆ ಬೆರಳು, ಹಂಚಿನ ಮೇಲೆ ಬೆರಳು